ಅಬ್ಬಾ! ಹಿತ್ತಲ ಗಿಡ ಮದ್ದಾದ ಕಥೆ

1974ರ ಏಪ್ರಿಲ್ 6ರ ರಾತ್ರಿ. ಇಂಗ್ಲೆಂಡಿನ ಕಡಲತೀರದ ಪಟ್ಟಣ ಬ್ರೈಟನ್‌ನಲ್ಲಿ ಯೂರೋವಿಷನ್ ಗೀತಸ್ಪರ್ಧೆ ನಡೆದಿತ್ತು. ಸ್ವೀಡನ್ನಿನ ಸರದಿ ಬಂದಾಗ ವಾದ್ಯವೃಂದದ ನಿರ್ದೇಶಕರು ನೆಪೋಲಿಯನ್ನನ ವೇಷದಲ್ಲಿ ಬಂದು ನಿಂತರು. ಅವರ ಹಿಂದೆಯೇ ಮಿರಿಮಿರಿ ಮಿಂಚುವ ಉಡುಪು, ಮೊಣಕಾಲೆತ್ತರದ ಬೂಟು ತೊಟ್ಟ ನಾಲ್ವರು ವೇದಿಕೆಗೆ ಬಂದರು. ಇಬ್ಬರು ಗಾಯಕಿಯರು, ನಕ್ಷತ್ರದ ಆಕಾರದ ಗಿಟಾರ್ ಹಿಡಿದ ಒಬ್ಬಾತ, ಪಿಯಾನೋದ ಮುಂದೆ ಕುಳಿತ ಇನ್ನೊಬ್ಬಾತ. ಹಾಡಿನ ಹೆಸರು ‘ವಾಟರ್‌ಲೂ’. 1815ರಲ್ಲಿ ನೆಪೋಲಿಯನ್ ಸೋತ ರಣರಂಗದ ಹೆಸರನ್ನು ಪ್ರೇಮದಲ್ಲಿ ಸೋತವಳ ಬಾಯಲ್ಲಿ ಹಾಡಿಸಿದ್ದರು. ಮೂರು ನಿಮಿಷವೂ ಇಲ್ಲದ ಹಾಡು ಅದು.

ಹದಿನೇಳು ದೇಶಗಳಲ್ಲಿ ಸ್ವೀಡನ್ 24 ಅಂಕ ಗಳಿಸಿ ಗೆದ್ದಿತು. ಆ ಸ್ಪರ್ಧೆಯಲ್ಲಿ ಅದರ ಮೊದಲ ಗೆಲುವು ಅದು. ಆದರೆ ಆತಿಥೇಯ ಬ್ರಿಟನ್ನಿನ ತೀರ್ಪುಗಾರರು ಆ ಹಾಡಿಗೆ ಕೊಟ್ಟ ಅಂಕ ಸೊನ್ನೆ! ಅದೇ ಬ್ರಿಟನ್ನಿನಲ್ಲಿ 1974ರಿಂದ 1980ರ ನಡುವೆ ಈ ತಂಡದ ಒಂಬತ್ತು ಹಾಡುಗಳು ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ತೀರ್ಪುಗಾರರ ಕಿವಿ ಬೇರೆ, ಜನರ ಕಿವಿ ಬೇರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ತಂಡದ ಹೆಸರು ‘ಅಬ್ಬಾ’. ಕನ್ನಡದ ಕಿವಿಗೆ ಉದ್ಗಾರದಂತೆ ಕೇಳುವ ಈ ಹೆಸರು ನಾಲ್ವರ ಹೆಸರುಗಳ ಮೊದಲ ಅಕ್ಷರ ಕೂಡಿಸಿ ಆದದ್ದು. ಸಾರ್ವಕಾಲಿಕ ಅಚ್ಚುಮೆಚ್ಚಿನ ಪಾಪ್ ತಂಡಗಳನ್ನು ಹೆಸರಿಸಿ ಎಂದರೆ ಬೀಟಲ್ಸ್ ಜೊತೆಗೆ ಬಹಳಷ್ಟು ಮಂದಿ ಈ ಹೆಸರನ್ನೂ ಹೇಳುತ್ತಾರೆ. ಆದರೆ ಈ ಮೆಚ್ಚಿಕೆ ಮೊದಲಿನಿಂದ ಇದ್ದದ್ದಲ್ಲ. ತಂಡ ಹಾಡುತ್ತಿದ್ದ ಕಾಲದಲ್ಲಿ ವಿಮರ್ಶಕರು ಮೂಗು ಮುರಿದರು. ಎಲ್ಲಕ್ಕಿಂತ ಹೆಚ್ಚಾಗಿ ಹಂಗಿಸಿದ್ದು ತವರುಮನೆ ಸ್ವೀಡನ್ನೇ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

ನಾಲ್ಕು ಅಕ್ಷರ, ನಾಲ್ಕು ಬದುಕು

ನಾಲ್ವರೂ ಜೊತೆಯಾಗುವ ಮೊದಲೇ ಸ್ವೀಡನ್ನಿನಲ್ಲಿ ಪರಿಚಿತರಾಗಿದ್ದವರು. ಬೆನ್ನಿ ಆಂಡರ್ಸನ್ ‘ಹೆಪ್ ಸ್ಟಾರ್ಸ್’ ಎಂಬ ತಂಡದಲ್ಲಿದ್ದರು. ಅವರ ತಂದೆಯೂ ತಾತನೂ ಅಕಾರ್ಡಿಯನ್ ನುಡಿಸುತ್ತಿದ್ದವರು. ಆರನೇ ವಯಸ್ಸಿನಲ್ಲೇ ಬೆನ್ನಿಯ ಕೈಗೂ ಆ ವಾದ್ಯ ಬಂತು. ಬಿಯೋರ್ನ್ ಉಲ್ವೇಯಸ್ ಜಾನಪದ ಧಾಟಿಯ ‘ಹೂಟನಾನಿ ಸಿಂಗರ್ಸ್’ ತಂಡದ ಗಾಯಕ. 1966ರಲ್ಲಿ ಭೇಟಿಯಾದ ಈ ಇಬ್ಬರು ಕೂಡಿ ಹಾಡು ಕಟ್ಟಲು ಆರಂಭಿಸಿದರು. ಅಗ್ನೇತಾ ಫಾಲ್ಟ್‌ಸ್ಕೋಗ್ ಹದಿಹರೆಯದಲ್ಲೇ ಹೆಸರು ಮಾಡಿದ ಗಾಯಕಿ. 1971ರಲ್ಲಿ ಬಿಯೋರ್ನ್ ಅವರನ್ನು ಮದುವೆಯಾದರು. ನಾಲ್ಕನೆಯವರು ಬೆನ್ನಿಯ ಸಂಗಾತಿ ಆನಿ-ಫ್ರಿಡ್ ಲಿಂಗ್‌ಸ್ಟಾಡ್, ಎಲ್ಲರ ಬಾಯಲ್ಲಿ ಫ್ರೀಡಾ.

ಫ್ರೀಡಾ ಅವರ ಬದುಕು ಯಾವ ಹಾಡಿಗಿಂತಲೂ ಗಾಢವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ನಾರ್ವೆಯಲ್ಲಿ, ನಾರ್ವೆಯ ತಾಯಿಗೂ ಜರ್ಮನ್ ಸೈನಿಕನಿಗೂ ಹುಟ್ಟಿದ ಮಗು ಆಕೆ. ಹುಟ್ಟಿದ್ದು 1945ರ ನವೆಂಬರ್, ಯುದ್ಧ ಮುಗಿದು ಸೈನಿಕ ಊರಿಗೆ ಮರಳಿದ ಮೇಲೆ. ಅಂಥ ತಾಯಂದಿರನ್ನೂ ಮಕ್ಕಳನ್ನೂ ನೆರೆಹೊರೆಯವರು ಶತ್ರುವಿನ ಪಾಲೆಂದೇ ಕಾಣುತ್ತಿದ್ದ ಕಾಲವದು. ಅಜ್ಜಿ ಮಗುವನ್ನೆತ್ತಿಕೊಂಡು ಸ್ವೀಡನ್ನಿಗೆ ಬಂದರು. ಫ್ರೀಡಾಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆಯ ಹಡಗು ಮುಳುಗಿತು, ಆತ ಉಳಿದಿಲ್ಲ ಎಂದೇ ಮನೆಯವರು ನಂಬಿದ್ದರು. 1977ರಲ್ಲಿ ಜರ್ಮನಿಯ ಹದಿಹರೆಯದವರ ಪತ್ರಿಕೆಯೊಂದು ಫ್ರೀಡಾ ಜನ್ಮವೃತ್ತಾಂತವನ್ನು ಪ್ರಕಟಿಸಿತು. ಅದನ್ನೋದಿದ ಬಂಧುವೊಬ್ಬರಿಂದ ವಿಷಯ ತಂದೆಗೆ ಮುಟ್ಟಿತು. ಜಗತ್ತಿಗೆಲ್ಲ ಪರಿಚಿತಳಾಗಿದ್ದ ಮಗಳು ಮೂವತ್ತು ದಾಟಿದ ಮೇಲೆ ಮೊದಲ ಬಾರಿಗೆ ತಂದೆಯ ಮುಖ ಕಂಡಳು.

ತಂಡದ ಬೆನ್ನಿಗಿದ್ದವರು ವ್ಯವಸ್ಥಾಪಕ ಸ್ಟಿಗ್ ಆಂಡರ್ಸನ್. ಶಾಲಾ ಮಾಸ್ತರಿಕೆ ಬಿಟ್ಟು ಹಾಡಿನ ವ್ಯಾಪಾರಕ್ಕಿಳಿದ ಗಟ್ಟಿಗ. ಆರಂಭದ ಹಾಡುಗಳಿಗೆ ಸಾಹಿತ್ಯವನ್ನೂ ಒದಗಿಸಿದವರು. ನಾಲ್ಕು ಉದ್ದ ಹೆಸರುಗಳನ್ನು ಹೇಳಿ ಸಾಕಾಗಿ ‘ಅಬ್ಬಾ’ ಎಂದು ಚುಟುಕಾಗಿಸಿದ್ದೂ ಅವರೇ. ಅಲ್ಲೊಂದು ತೊಡಕಿತ್ತು. ಅದೇ ಹೆಸರಿನಲ್ಲಿ ಡಬ್ಬಿಯಲ್ಲಿ ಮೀನು ತುಂಬಿ ಮಾರುವ ಕಂಪನಿಯೊಂದು ಸ್ವೀಡನ್ನಿನಲ್ಲಿ ಮನೆಮಾತಾಗಿತ್ತು. ಕಂಪನಿಯ ಒಪ್ಪಿಗೆ ಪಡೆದೇ ಹೆಸರಿಟ್ಟುಕೊಂಡರು.

ಯಾರ ಭಾಷೆಯಲ್ಲಿ ಹಾಡಬೇಕು?

ಆಗ ಸ್ವೀಡನ್ನಿನ ಜನಸಂಖ್ಯೆ ಸುಮಾರು 80 ಲಕ್ಷ. ಸ್ವೀಡಿಷ್ ಹಾಡು ಎಷ್ಟೇ ಚೆನ್ನಾಗಿದ್ದರೂ ನೆರೆಯ ಒಂದೆರಡು ದೇಶ ದಾಟುವುದು ಕಷ್ಟ. 1966ರಿಂದ 1972ರವರೆಗೆ ಯೂರೋವಿಷನ್‌ನಲ್ಲಿ ಪ್ರತಿ ದೇಶವೂ ತನ್ನ ಭಾಷೆಯಲ್ಲೇ ಹಾಡಬೇಕೆಂಬ ನಿಯಮವಿತ್ತು. 1973ರಲ್ಲಿ ಅದು ಸಡಿಲವಾಯಿತು. 1977ರಲ್ಲಿ ಮತ್ತೆ ಬಿಗಿಯಾಯಿತು. 1999ರಲ್ಲಿ ಮತ್ತೆ ಹೋಯಿತು. ಅಬ್ಬಾ ನುಸುಳಿದ್ದು ಆ ನಾಲ್ಕು ವರ್ಷಗಳ ಕಿಂಡಿಯಲ್ಲಿ. ತವರಿನ ಆಯ್ಕೆ ಸ್ಪರ್ಧೆಯಲ್ಲಿ ‘ವಾಟರ್‌ಲೂ’ ಹಾಡನ್ನು ಸ್ವೀಡಿಷ್‌ನಲ್ಲೇ ಹಾಡಿದ ತಂಡ ಬ್ರೈಟನ್‌ನಲ್ಲಿ ಇಂಗ್ಲಿಷ್‌ಗೆ ಹೊರಳಿತು.

ಇದು ಬರಿಯ ಅನುವಾದದ ವ್ಯವಹಾರವಾಗಿರಲಿಲ್ಲ. ‘ಫರ್ನಾಂಡೋ’ ಹಾಡು ಮೊದಲು ಸ್ವೀಡಿಷ್‌ನಲ್ಲಿ ಫ್ರೀಡಾ ಒಬ್ಬರೇ ಹಾಡಿದ ಪ್ರೇಮದ ಸಾಂತ್ವನ ಗೀತೆ. ಇಂಗ್ಲಿಷ್‌ಗೆ ಬಂದಾಗ ಅದೇ ರಾಗದಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಮುದುಕರಾದ ಇಬ್ಬರು ಗೆಳೆಯರ ನೆನಪು ತುಂಬಿಕೊಂಡಿತು. ರಾಗ ಉಳಿಯಿತು, ಕಥೆಯೇ ಬದಲಾಯಿತು.

ಸ್ವದೇಶದಲ್ಲಿ ಇದಕ್ಕೆ ಸಿಕ್ಕಿದ್ದು ಚಪ್ಪಾಳೆಯಷ್ಟೇ ಅಲ್ಲ. ಎಪ್ಪತ್ತರ ದಶಕದ ಸ್ವೀಡನ್ನಿನಲ್ಲಿ ಎಡಪಂಥೀಯ ಒಲವಿನ ಸಂಗೀತ ಚಳವಳಿಯೊಂದು ಬಲವಾಗಿತ್ತು. ಹಾಡು ನಮ್ಮ ಮಾತಿನಲ್ಲಿರಬೇಕು, ನಮ್ಮ ಜನರ ಬದುಕು ಹೇಳಬೇಕು, ಲಾಭಕ್ಕಾಗಿ ತಯಾರಾಗುವ ಸರಕಾಗಬಾರದು ಎಂಬುದು ಅದರ ನಿಲುವು. ಗೆದ್ದ ದೇಶವೇ ಮುಂದಿನ ವರ್ಷ ಸ್ಪರ್ಧೆ ನಡೆಸಬೇಕಾದ್ದರಿಂದ 1975ರಲ್ಲಿ ಯೂರೋವಿಷನ್ ಸ್ಟಾಕ್‌ಹೋಮ್‌ಗೆ ಬಂತು. ಚಳವಳಿಯವರು ಅದೇ ಊರಿನಲ್ಲಿ ಪರ್ಯಾಯ ಉತ್ಸವ ಹೂಡಿದರು. ಅಬ್ಬಾವನ್ನು ಡಬ್ಬಿಮೀನಿಗೆ ಹೋಲಿಸಿ ಗೇಲಿ ಮಾಡುವ ಹಾಡೂ ಹುಟ್ಟಿತು. ಪ್ರತಿಭಟನೆಯ ಜೊತೆ ಖರ್ಚಿನ ಚಿಂತೆಯೂ ಸೇರಿ 1976ರಲ್ಲಿ ಸ್ವೀಡನ್ ಸ್ಪರ್ಧೆಯಿಂದಲೇ ದೂರ ಉಳಿಯಿತು.

ಟೀಕಾಕಾರರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ದೊಡ್ಡ ಭಾಷೆಯ ಪೇಟೆಗೆ ಒಮ್ಮೆ ದಾರಿ ಬಿದ್ದರೆ ಸಣ್ಣ ಭಾಷೆಯ ಪ್ರತಿಭೆಯೆಲ್ಲ ಆ ಕಡೆ ಹರಿದುಹೋಗುವ ಭಯ ಕನ್ನಡಿಗರಿಗೂ ಹೊಸದಲ್ಲ. ಆದರೆ ಅವರು ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಲಘುವಾದ ಹಾಡಿಗೆ ತೂಕವಿರುವುದಿಲ್ಲ ಎಂದು. ಅದು ತಪ್ಪಾಯಿತು. 1974ರ ಅದೇ ಬ್ರೈಟನ್ ಸ್ಪರ್ಧೆಯಲ್ಲಿ ಪೋರ್ಚುಗಲ್ಲಿನ ಪ್ರೇಮಗೀತೆ ಬರಿಯ ಮೂರು ಅಂಕ ಪಡೆದು ಕೊನೆಯ ಸಾಲಿಗೆ ಬಿದ್ದಿತ್ತು. ಏಪ್ರಿಲ್ 24ರ ರಾತ್ರಿ ಲಿಸ್ಬನ್ನಿನ ರೇಡಿಯೋದಲ್ಲಿ ಅದೇ ಹಾಡು ಕೇಳಿಬಂತು. ದಂಗೆಯೆದ್ದ ಸೈನಿಕರಿಗೆ ಅದೇ ಮೊದಲ ಸಂಕೇತ! ಮರುದಿನ ಅರ್ಧ ಶತಮಾನದ ಸರ್ವಾಧಿಕಾರ ಉರುಳಿತು. ಹಾಡು ಎಲ್ಲಿ, ಯಾವಾಗ ಕೆಲಸಕ್ಕೆ ಬರುತ್ತದೆಂದು ಬರೆದವರಿಗೂ ತಿಳಿಯದು.

ಒಂದೇ ವಾದ್ಯ, ಎರಡು ಬಾರಿ

‘ಸರಕು’ ಎಂದು ಜರೆದವರು ಆ ಸರಕಿನ ಹಿಂದಿನ ದುಡಿಮೆಯನ್ನು ಗಮನಿಸಲಿಲ್ಲ. ಸ್ಟಾಕ್‌ಹೋಮ್ ಬಳಿಯ ವಿಗ್‌ಸೋ ದ್ವೀಪದ ಗುಡಿಸಲಿನಂಥ ಸಣ್ಣ ಮನೆಯಲ್ಲಿ ಬೆನ್ನಿ, ಬಿಯೋರ್ನ್ ಪಿಯಾನೋ, ಗಿಟಾರ್ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರು. ಹುಟ್ಟಿದ ರಾಗ ಧ್ವನಿಮುದ್ರಣಕಾರ ಮೈಕೆಲ್ ಟ್ರೆಟೋ ಅವರ ಕೈಸೇರುತ್ತಿತ್ತು.

ಟ್ರೆಟೋ ಅವರಿಗೆ ಅಮೆರಿಕದ ಫಿಲ್ ಸ್ಪೆಕ್ಟರ್ ಹಾಡುಗಳ ತುಂಬುನಾದ ಬೇಕಿತ್ತು. ಸ್ಪೆಕ್ಟರ್ ಕೋಣೆಯ ತುಂಬ ವಾದಕರನ್ನು ಕೂರಿಸುತ್ತಿದ್ದರು. ಟ್ರೆಟೋ ಹೂಡಿದ ಉಪಾಯ ಬೇರೆ. ಇದ್ದ ವಾದಕರಿಂದಲೇ ಅದೇ ಭಾಗವನ್ನು ಎರಡು ಬಾರಿ ನುಡಿಸಿ ಒಂದರ ಮೇಲೊಂದು ಕೂರಿಸುವುದು. ಎರಡನೆಯ ಸಲ ಟೇಪ್ ಓಡುವ ವೇಗವನ್ನು ಕೂದಲೆಳೆಯಷ್ಟು ಬದಲಿಸುವುದು. ವೇಗ ಬದಲಾದರೆ ಶ್ರುತಿಯೂ ತುಸು ಸರಿಯುತ್ತದೆ. ಎರಡೂ ಪೂರ್ತಿ ಒಂದಾಗದೆ, ಪೂರ್ತಿ ಬೇರೆಯೂ ಆಗದೆ ನಾದ ಹಿಗ್ಗುತ್ತದೆ. ಅಗ್ನೇತಾ ಮತ್ತು ಫ್ರೀಡಾ ಕಂಠಗಳನ್ನೂ ಹೀಗೆಯೇ ಪದರ ಪದರವಾಗಿ ಹೆಣೆದರು. ಇಬ್ಬರು ಹಾಡಿದರೂ ನಮಗೆ ದೊಡ್ಡ ಮೇಳವೇ ಹಾಡಿದಂತೆ ಕೇಳುವುದು ಈ ಕಾರಣಕ್ಕೆ.

ಹಾಡು ಊರೂರು ತಿರುಗಲು ಇನ್ನೊಂದು ದಾರಿಯನ್ನೂ ಅವರು ಕಂಡುಕೊಂಡರು. ಲಾಸ್ಸೆ ಹಾಲ್‌ಸ್ಟ್ರೋಮ್ ಎಂಬ ಯುವ ನಿರ್ದೇಶಕ ಹಾಡುಗಳಿಗೆ ಕಿರುಚಿತ್ರ ತೆಗೆದರು; ದೂರದ ದೇಶಗಳ ಟೆಲಿವಿಷನ್‌ಗೆ ತಂಡದ ಬದಲು ಫಿಲಂ ಸುರುಳಿ ಹೋಗುತ್ತಿತ್ತು. ಇಡೀ ದಿನ ಹಾಡಿನ ಚಿತ್ರ ತೋರಿಸುತ್ತಿದ್ದ ಅಮೆರಿಕದ ಎಂಟಿವಿ ವಾಹಿನಿ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, ‘ಮಮ್ಮಾ ಮಿಯಾ’ ಚಿತ್ರಿಕೆ ಕಂಡ ಆಸ್ಟ್ರೇಲಿಯದ ಪ್ರೇಕ್ಷಕರು ಅದರ ತಟ್ಟೆ ಬೇಕೇ ಬೇಕೆಂದು ಹಟ ಹಿಡಿದಿದ್ದರು. ಆ ಹಾಡಿನ ಧಾಟಿ ನಮ್ಮ ಕಿವಿಗೆ ಬಿದ್ದದ್ದು ಹಿಂದಿಯ ಮೂಲಕ. 1977ರ ‘ಹಮ್ ಕಿಸೀಸೆ ಕಮ್ ನಹೀಂ’ ಚಿತ್ರದ ‘ಮಿಲ್ ಗಯಾ ಹಮ್ ಕೋ ಸಾಥಿ’ ಹಾಡಿಗೆ ಆರ್.ಡಿ. ಬರ್ಮನ್ ಅದೇ ಧಾಟಿಯನ್ನು ಬಳಸಿದರು. ಅಬ್ಬಾ ಹೆಸರೇ ಕೇಳದವರೂ ಅದಕ್ಕೆ ತಾಳ ಹಾಕಿದರು.

ನಗುವ ರಾಗ, ಅಳುವ ಮಾತು

ಕುಣಿಸುವ ಹಾಡುಗಳೆಂದೇ ಇವು ಪ್ರಸಿದ್ಧ. 1976ರ ಜೂನ್‌ನಲ್ಲಿ ಸ್ವೀಡನ್ ದೊರೆಯ ಮದುವೆಯ ಮುನ್ನಾದಿನ ‘ಡಾನ್ಸಿಂಗ್ ಕ್ವೀನ್’ ಹಾಡಿದ ತಂಡ ಮರುವರ್ಷ ಅದೇ ಹಾಡಿನಿಂದ ಅಮೆರಿಕದ ಪಟ್ಟಿಯಲ್ಲೂ ಮೊದಲಾಯಿತು. ಆದರೆ ತುಸು ಕಿವಿಗೊಟ್ಟರೆ ಆ ಸಂಭ್ರಮದಲ್ಲೂ ಏನೋ ಕಳೆದುಹೋಗುತ್ತಿರುವ ಸುಳಿವಿದೆ. ‘ನೋಯಿಂಗ್ ಮಿ, ನೋಯಿಂಗ್ ಯೂ’ ಹಾಡಿನಲ್ಲಿರುವುದು ಬೇರೆಯಾದ ದಂಪತಿಯ ಬರಿದಾದ ಮನೆ. ಉತ್ತರದ ದೀರ್ಘ ಚಳಿಗಾಲದ, ಹಳ್ಳಿ ಅಕಾರ್ಡಿಯನ್ನಿನ ಮಂಕು ಬೆನ್ನಿಯ ರಾಗಗಳಿಂದ ಎಂದೂ ಬಿಟ್ಟುಹೋಗಲಿಲ್ಲ.

ಬಳಿಕ ಬದುಕೇ ಹಾಡನ್ನು ಹಿಂಬಾಲಿಸಿತು. 1979ರ ಆರಂಭದಲ್ಲಿ ಬಿಯೋರ್ನ್ ಮತ್ತು ಅಗ್ನೇತಾ ಬೇರೆಯಾಗುವುದಾಗಿ ಪ್ರಕಟಿಸಿದರು. ಮರುವರ್ಷ ಬಂದ ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಹಾಡಿನಲ್ಲಿ ದಾಂಪತ್ಯದಲ್ಲಿ ಸೋತವಳ ಅಳಲಿದೆ. ಅದನ್ನು ಬರೆದದ್ದು ಬಿಯೋರ್ನ್, ಹಾಡಿದ್ದು ಅಗ್ನೇತಾ. ಅದು ತಮ್ಮ ವಿಚ್ಛೇದನದ ವರದಿಯಲ್ಲ, ತಮ್ಮಿಬ್ಬರಲ್ಲಿ ಗೆದ್ದವರು ಯಾರೂ ಇರಲಿಲ್ಲ ಎಂದು ಬಿಯೋರ್ನ್ ಹೇಳಿದ್ದುಂಟು. ಕೇಳುಗರಿಗೆ ಆ ವಿವರ ಬೇಕಾಗಲಿಲ್ಲ. ತಮ್ಮ ತಮ್ಮ ಸೋಲು ಅವರಿಗೆ ಅದರಲ್ಲಿ ಕೇಳಿಸಿತು. 1981ರಲ್ಲಿ ಬೆನ್ನಿ-ಫ್ರೀಡಾ ಮದುವೆಯೂ ಮುರಿಯಿತು. 1982ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡ ಮೇಲೆ ತಂಡ ಸದ್ದಿಲ್ಲದೆ ಚದುರಿತು. ವಿದಾಯದ ಘೋಷಣೆ ಇರಲಿಲ್ಲ.

ಮರಳಿ ಬಂದ ಅವತಾರ

ಎಂಬತ್ತರ ದಶಕದಲ್ಲಿ ಅಬ್ಬಾ ಹಾಡು ಇಷ್ಟವೆಂದು ಹೇಳಿಕೊಳ್ಳಲು ಹಲವರು ಸಂಕೋಚಪಟ್ಟರು. ಗಾಳಿ ತಿರುಗಿದ್ದು 1992ರಲ್ಲಿ. ಆ ವರ್ಷ ‘ಅಬ್ಬಾ ಗೋಲ್ಡ್’ ಸಂಕಲನ ಬಂತು; ಸ್ಟಾಕ್‌ಹೋಮ್‌ನಲ್ಲಿ ಐರಿಷ್ ತಂಡ ‘ಯೂ2’ ಬೆನ್ನಿ, ಬಿಯೋರ್ನ್ ಅವರನ್ನು ವೇದಿಕೆಗೆ ಕರೆದು ‘ಡಾನ್ಸಿಂಗ್ ಕ್ವೀನ್’ ಹಾಡಿತು. ಬ್ರೈಟನ್ ಗೆಲುವಿಗೆ ಸರಿಯಾಗಿ 25 ವರ್ಷ ತುಂಬಿದ 1999ರ ಏಪ್ರಿಲ್ 6ರಂದು ಲಂಡನ್ನಿನಲ್ಲಿ ‘ಮಮ್ಮಾ ಮಿಯಾ’ ಸಂಗೀತನಾಟಕ ತೆರೆಕಂಡಿತು. 2008ರಲ್ಲಿ ಅದು ಚಲನಚಿತ್ರವೂ ಆಯಿತು. ಅಮ್ಮಂದಿರು ಕುಣಿದ ಹಾಡಿಗೆ ಹೆಣ್ಣುಮಕ್ಕಳು ಕುಣಿದರು.

2021ರ ನವೆಂಬರ್‌ನಲ್ಲಿ, ಸುಮಾರು ನಲವತ್ತು ವರ್ಷಗಳ ಮೌನದ ಬಳಿಕ, ನಾಲ್ವರೂ ‘ವಾಯೇಜ್’ ಎಂಬ ಹೊಸ ಆಲ್ಬಂ ತಂದರು. 2022ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಆರಂಭವಾದ ಪ್ರದರ್ಶನದಲ್ಲಿ ವೇದಿಕೆಗೆ ಬಂದದ್ದು ಎಪ್ಪತ್ತು ದಾಟಿದ ಅವರಲ್ಲ, ಕಂಪ್ಯೂಟರ್ ರೂಪಿಸಿದ ಅವರ ತರುಣ ಪ್ರತಿರೂಪಗಳು. ಅವಕ್ಕೆ ಇಟ್ಟ ಹೆಸರಿನಲ್ಲಿ ಅಬ್ಬಾದ ಜೊತೆ ಬೆಸೆದದ್ದು ನಮ್ಮ ‘ಅವತಾರ’ ಪದವನ್ನೇ.

ತವರಿನ ಮನಸ್ಸೂ ಬದಲಾಯಿತು. 2013ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಬ್ಬಾ ವಸ್ತುಸಂಗ್ರಹಾಲಯ ತೆರೆಯಿತು. 2024ರಲ್ಲಿ ಸ್ವೀಡನ್ನಿನ ದೊರೆ ನಾಲ್ವರಿಗೂ ರಾಜಗೌರವ ನೀಡಿದರು. ಮದುವೆಯ ಮುನ್ನಾದಿನ ಅವರ ಹಾಡು ಕೇಳಿದ್ದ ಅದೇ ದೊರೆ. ‘ಡಬ್ಬಿಮೀನು’ ದೇಶದ ಹೆಮ್ಮೆಯಾಗಲು ಅರ್ಧ ಶತಮಾನ ಬೇಕಾಯಿತು.

ಯಾವ ಹಾಡು ಉಳಿಯಬೇಕೆಂದು ನಿರ್ಧರಿಸುವವರು ಯಾರು? ಬ್ರಿಟನ್ನಿನ ತೀರ್ಪುಗಾರರಲ್ಲ, ಸ್ಟಾಕ್‌ಹೋಮ್‌ನ ಪ್ರತಿಭಟನಕಾರರಲ್ಲ, ಮಾರಾಟದ ಲೆಕ್ಕವೂ ಅಲ್ಲ. ಆ ವರ್ಷಗಳಲ್ಲಿ ಅಷ್ಟೇ ಮಾರಾಟವಾಗಿ ಮರೆತುಹೋದ ಹಾಡುಗಳು ಎಷ್ಟೋ ಇವೆ. ತಮ್ಮ ಸುಖಕ್ಕೂ ದುಃಖಕ್ಕೂ ಒಂದೇ ರಾಗದಲ್ಲಿ ಜಾಗ ಕಂಡ ಕೇಳುಗರು ಮತ್ತೆ ಮತ್ತೆ ಹಾಕಿ ಕೇಳಿದ್ದರಿಂದ ಇವು ಉಳಿದವು. ಹಿತ್ತಲಲ್ಲಿ ಬೆಳೆದದ್ದನ್ನು ಹಗುರವೆಂದು ಜರೆಯುವ ಮುನ್ನ ಒಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದು.