ಇದ್ದಿಲ ಚುಕ್ಕಿ, ನೀಲಿ ಗೆರೆ

17ನೇ ಶತಮಾನದ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಗೋಡೆಬಿಲ್ಲೆಗೆ ಚಿತ್ರ ಬರೆಯುವವನು ಕುಂಚಕ್ಕೂ ಮೊದಲು ಕೈಗೆತ್ತಿಕೊಳ್ಳುತ್ತಿದ್ದುದು ತೂತು ಬಿದ್ದ ಕಾಗದವನ್ನು. ಚಿತ್ರದ ಗೆರೆಗುಂಟ ಸೂಜಿಯಿಂದ ಚುಚ್ಚಿದ ಈ ಹಾಳೆಗೆ ಡಚ್ಚರ ಹೆಸರು ‘ಸ್ಪಾನ್ಸ್’.

ಒಮ್ಮೆ ಸುಟ್ಟ ಬಿಲ್ಲೆಗೆ ತವರ ಬೆರೆತ ಬಿಳಿ ಮೆರುಗು ಹಚ್ಚಿ ಒಣಗಿಸಬೇಕು. ಮೇಲೆ ಹಾಳೆಯಿಟ್ಟು, ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ಮೆಲ್ಲಗೆ ತಟ್ಟಬೇಕು. ಹಾಳೆ ಎತ್ತಿದರೆ ಕರಿ ಚುಕ್ಕಿಗಳ ಸಾಲು. ನಮ್ಮಲ್ಲಿ ತೂತಿನ ತಗಡಿನಿಂದ ರಂಗೋಲಿ ಬಿಡುವಂತೆಯೇ! ಆ ಚುಕ್ಕಿಗಳನ್ನು ಕೋಬಾಲ್ಟ್ ನೀಲಿಯ ಗೆರೆಯಿಂದ ಕೂಡಿಸುವುದೇ ಕಷ್ಟ. ಇನ್ನೂ ಸುಡದ ಮೆರುಗು ಬಣ್ಣವನ್ನು ತಕ್ಷಣ ಹೀರುತ್ತದೆ, ಅಳಿಸಿ ತಿದ್ದುವ ಮಾತೇ ಇಲ್ಲ. ಸುಡುವ ಗೂಡಿನಲ್ಲಿ ಇದ್ದಿಲು ಉರಿದುಹೋಗಿ ನೀಲಿಯಷ್ಟೇ ಉಳಿಯುತ್ತದೆ. ಇದನ್ನು ಬರೀ ನಕಲು ಎಂದು ಮೂಗು ಮುರಿಯುವುದು ಅನ್ಯಾಯ.

ಚುಕ್ಕಿಯಿಂದಷ್ಟೇ ಅಲ್ಲ, ಬೆಳಕಿನಿಂದ ಚಿತ್ರ ಬೀಳಿಸುವ ಹುಚ್ಚೂ ಡಚ್ಚರಿಗಿತ್ತು. 1622ರಲ್ಲಿ ಲಂಡನ್ನಿನಲ್ಲಿ ಡಚ್ ಸಂಶೋಧಕ ಡ್ರೆಬೆಲ್‌ನ ಕ್ಯಾಮೆರಾ ಅಬ್‌ಸ್ಕ್ಯೂರಾ (ಕಿಂಡಿಯ ಬೆಳಕಿನಿಂದ ಹೊರಗಿನ ನೋಟ ಒಳಗೆ ಮೂಡುವ ಕತ್ತಲ ಪೆಟ್ಟಿಗೆ) ಕಂಡ ಡಚ್ ಕವಿ ಕಾನ್‌ಸ್ಟಂಟೈನ್ ಹೈಗೆನ್ಸ್, ಇದರೆದುರು ಚಿತ್ರಕಲೆ ಸತ್ತಂತೆ ಎಂದು ಬೆರಗಾದ. ಮಗ ಕ್ರಿಸ್ಟಿಯಾನ್ 1659ರ ಹೊತ್ತಿಗೆ ಚಿತ್ರವನ್ನು ಗೋಡೆಯ ಮೇಲೆ ಬೀಳಿಸುವ ಮಾಯಾದೀಪಕ್ಕೆ ಅಸ್ಥಿಪಂಜರದ ಚಿತ್ರಗಳನ್ನು ಬರೆದಿದ್ದ.

ಡೆಲ್ಫ್ಟ್‌ನವನೇ ಆದ ಚಿತ್ರಕಾರ ವರ್ಮೀರ್ ಅಂಥ ಕತ್ತಲ ಪೆಟ್ಟಿಗೆ ಬಳಸಿದನೇ? ಜಗಳ ಇನ್ನೂ ಮುಗಿದಿಲ್ಲ. ಆದರೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ, ಹಾಲು ಸುರಿಯುವ ಹೆಂಗಸಿನ ಅವನ ಚಿತ್ರದಲ್ಲಿ ಒಂದು ಸೂಜಿತೂತು ಸಿಕ್ಕಿದೆ. ಅಲ್ಲಿ ಸೂಜಿ ಚುಚ್ಚಿ, ಸುಣ್ಣದ ದಾರ ಕಟ್ಟಿ ಮಿಡಿದು ಗೆರೆ ಮೂಡಿಸಿದ್ದನೆಂದು ತಜ್ಞರ ಊಹೆ. ಅದೇ ಚಿತ್ರದಲ್ಲಿ ಗೋಡೆಯ ಬುಡ ನೋಡಿ: ಡೆಲ್ಫ್ಟ್ ಬಿಲ್ಲೆಗಳ ಸಾಲು, ಒಂದರಲ್ಲಿ ಪುಟ್ಟ ಮನ್ಮಥ.