ಮರದ ಬಟ್ಟಲು ಮತ್ತು ಕೈಯ ವಿದ್ಯೆ



ಇತಿಹಾಸ ಎಂದೊಡನೆ ನಿಮಗೆ ಶಾಸನ, ನಾಣ್ಯ, ಕೋಟೆ, ರಾಜರ ವಂಶಾವಳಿ ನೆನಪಾಗುತ್ತವೆ. ಊಟದ ಬಟ್ಟಲು ನೆನಪಾಗುವುದು ಅಪರೂಪ. ಮರದ ಬಟ್ಟಲಂತೂ ಇನ್ನೂ ಅಪರೂಪ. ಮಣ್ಣಿನ ಮಡಕೆ ಒಡೆದರೂ ಅದರ ಚೂರು ನೆಲದಲ್ಲಿ ಉಳಿಯುತ್ತದೆ. ಮರವಾದರೋ ಗೆದ್ದಲಿಗೆ, ತೇವಕ್ಕೆ, ಕೊನೆಗೆ ಒಲೆಗೆ ಆಹುತಿಯಾಗುತ್ತದೆ. ಆದರೂ ಯೂರೋಪಿನ ಸಾಮಾನ್ಯ ಜನ ಎಷ್ಟೋ ಶತಮಾನಗಳ ಕಾಲ ಉಂಡದ್ದು ಮರದ ಬಟ್ಟಲುಗಳಲ್ಲಿಯೇ. ಅವನ್ನು ಕಡೆದವರ ಕೈ ಹೇಗೆ ಪಳಗಿತು? ಅವರು ಬರೆದಿಡದೆ ಹೋದ ವಿದ್ಯೆಯನ್ನು ನಾವು ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಇಂಗ್ಲೆಂಡಿನ ಉದಾಹರಣೆಯೊಂದರ ಮೂಲಕ ಉತ್ತರ ಹುಡುಕೋಣ.

ಮೊದಲು 'ಕಡೆಯುವುದು' ಎಂಬ ಮಾತನ್ನೇ ಗಮನಿಸಿ. ನಾವು ಮೊಸರನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಕಡೆಗೋಲಿಗೆ ಸುತ್ತಿದ ಹಗ್ಗವನ್ನು ಎಳೆದಾಗ ಕೋಲು ಒಂದು ದಿಕ್ಕಿಗೆ ತಿರುಗುತ್ತದೆ, ಮತ್ತೊಂದು ತುದಿಯನ್ನು ಎಳೆದಾಗ ಹಿಂದಕ್ಕೆ ತಿರುಗುತ್ತದೆ. ಮರ ಕಡೆಯುವ ಹಳೆಯ ಯಂತ್ರ, ಅಂದರೆ ಲೇತ್, ನಡೆಯುತ್ತಿದ್ದುದು ಇದೇ ತತ್ತ್ವದ ಮೇಲೆ. ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಅರ್ಚಕನ ಸಮಾಧಿಯ ಗೋಡೆಯ ಮೇಲೆ, ಕ್ರಿ.ಪೂ. 300ರ ಸುಮಾರಿನ ಒಂದು ಚಿತ್ರವಿದೆ. ಒಬ್ಬನು ಪಟ್ಟಿ ಎಳೆದು ಮರವನ್ನು ತಿರುಗಿಸುತ್ತಾನೆ, ಇನ್ನೊಬ್ಬನು ಅದಕ್ಕೆ ಉಳಿ ಹಿಡಿದಿದ್ದಾನೆ. ನಮಗೆ ದೊರೆತಿರುವ ಲೇತ್‌ನ ಚಿತ್ರಗಳಲ್ಲಿ ಇದು ಅತ್ಯಂತ ಹಳೆಯದೆಂದು ಹೇಳುತ್ತಾರೆ.

ಮಧ್ಯಯುಗದ ಯೂರೋಪಿನಲ್ಲಿ ಎಳೆಯುವ ಆಳಿನ ಬದಲು ಬಳುಕುವ ಗಳ ಬಂತು. ತಲೆಯ ಮೇಲಿನ ಗಳದಿಂದ ಇಳಿದ ಹಗ್ಗ, ಮರದ ತುಂಡನ್ನು ತಿರುಗಿಸುವ ಕೊರಡಿಗೆ ಒಂದು ಸುತ್ತು ಹಾಕಿ ಕಾಲಡಿಯ ಹಲಗೆಗೆ ಸೇರುತ್ತದೆ. ಹಲಗೆ ತುಳಿದಾಗ ಮರ ಕೆಲಸಗಾರನ ಕಡೆಗೆ ತಿರುಗುತ್ತದೆ. ಆಗ ಉಳಿ ಕತ್ತರಿಸುತ್ತದೆ. ಕಾಲು ಎತ್ತಿದಾಗ ಗಳ ನೆಟ್ಟಗಾಗಿ ಮರವನ್ನು ಹಿಂದಕ್ಕೆ ತಿರುಗಿಸುತ್ತದೆ. ಆಗ ಉಳಿಗೆ ಬಿಡುವು. ಹೀಗೆ ಅರ್ಧ ಹೊತ್ತು ಮಾತ್ರ ಕತ್ತರಿಸುವ, ಒಂದು ಕಾಲಿನ ಬಲದಿಂದ ನಡೆಯುವ ಯಂತ್ರವಿದು. ಮರದೊಡನೆ ಒರಟಾಗಿ ಗುದ್ದಾಡಲು ಇಲ್ಲಿ ಶಕ್ತಿಯೇ ಇರಲಿಲ್ಲ. ಆದ್ದರಿಂದ ಕೆಲಸಗಾರನು ಮರದ ಸ್ವಭಾವವನ್ನು ಕಲಿಯಲೇಬೇಕಾಯಿತು.

ಮೊದಲ ಪಾಠ ಹಸಿ ಮರದ್ದು. ಆಗತಾನೇ ಕಡಿದ ಮರ ಮೃದುವಾಗಿದ್ದು ಸುಲಭವಾಗಿ ಕೊಯ್ಯಲು ಬರುತ್ತದೆ. ಆದರೆ ಒಣಗುವಾಗ ಅದು ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಗಿಂತ, ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ಸುಮಾರು 2 ಪಟ್ಟು. ಹೀಗಾಗಿ ಇಂದು ದುಂಡಗೆ ಕಡೆದ ಬಟ್ಟಲು ಒಣಗಿದ ಮೇಲೆ ತುಸು ಅಂಡಾಕಾರವಾಗುತ್ತದೆ. ನಡುವಿನ ತಿರುಳನ್ನು ಹಾಗೆಯೇ ಬಿಟ್ಟರೆ ಬಿರುಕು ಬಿಡುವ ಸಂಭವ ಹೆಚ್ಚು. ಆದ್ದರಿಂದ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಹೋಳಿನಿಂದ ಬಟ್ಟಲು ಕಡೆಯುವ ರೂಢಿ ಬಂತು.

ಎರಡನೆಯ ಪಾಠ ನಾರಿನದು. ಬಟ್ಟಲಿನಲ್ಲಿ ಮರದ ನಾರು ಅಡ್ಡಲಾಗಿ ಮಲಗಿರುತ್ತದೆ. ಮರ ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿಯು ಎರಡು ಬಾರಿ ನಾರಿನ ಪಕ್ಕವನ್ನೂ ಎರಡು ಬಾರಿ ಅದರ ತುದಿಯನ್ನೂ ಸಂಧಿಸುತ್ತದೆ. ಹೊರಮೈಯನ್ನು ತಳದಿಂದ ಅಂಚಿನ ಕಡೆಗೆ, ಒಳಮೈಯನ್ನು ಅಂಚಿನಿಂದ ತಳದ ಕಡೆಗೆ ಕಡೆದರೆ ಕತ್ತರಿಸುವ ಪ್ರತಿ ನಾರಿಗೂ ಹಿಂದಿನ ನಾರು ಆಸರೆಯಾಗುತ್ತದೆ. ತಿರುಗುಮುರುಗಾದರೆ ನಾರು ಕಿತ್ತು ಮೈ ಒರಟಾಗುತ್ತದೆ. ಹೊಸಬನ ಬಟ್ಟಲನ್ನೂ ಪಳಗಿದವನ ಬಟ್ಟಲನ್ನೂ ಬೆರಳಿನಿಂದ ಸವರಿಯೇ ಗುರುತಿಸಲು ಇದೊಂದು ಕಾರಣ.

ಮೂರನೆಯ ಪಾಠ ಮರದ ಜಾತಿಯದು. ನೀರಿನ ಬದಿಯಲ್ಲಿ ಬೆಳೆಯುವ ಆಲ್ಡರ್ ಮೃದು, ಕಡೆಯಲು ಸುಲಭ. ಬೀಚ್ ಗಟ್ಟಿ, ಸಣ್ಣ ರಂಧ್ರಗಳ ಒತ್ತಾದ ಮರ. ಆ್ಯಷ್‌ನಲ್ಲಿ ದೊಡ್ಡ ರಂಧ್ರಗಳ ಸಾಲುಗಳಿವೆ, ಅದು ನೇರವಾಗಿ ಸೀಳುತ್ತದೆ. ಎಲ್ಮ್ ಮರದ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಅದನ್ನು ಸೀಳುವುದು ಕಷ್ಟ. ಆದ್ದರಿಂದಲೇ ಅಗಲವಾದ ಬಟ್ಟಲಿಗೆ ಅದು ಹೇಳಿಮಾಡಿಸಿದ ಮರ. ಒಂದು ಮರದಲ್ಲಿ ಪಳಗಿದ ಕೈ ಇನ್ನೊಂದು ಮರಕ್ಕೆ ಬಂದಾಗ ಉಳಿಯ ಕೋನವನ್ನೂ ಒತ್ತಡವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು.

ಇದೆಲ್ಲ ಹಳಬರಿಗೆ ಗೊತ್ತಿತ್ತೆಂದು ನಾವು ಹೇಗೆ ಹೇಳಬಲ್ಲೆವು? ಸಾಕ್ಷ್ಯ ನೆಲದಲ್ಲಿದೆ, ನೀರಿನಲ್ಲಿಯೂ ಇದೆ. ಯಾರ್ಕ್ ನಗರದಲ್ಲಿ ಕಾಪರ್‌ಗೇಟ್ ಎಂಬ ಬೀದಿಯಿದೆ. ಹೆಸರಿನಲ್ಲಿ ತಾಮ್ರದ ಧ್ವನಿ ಇದ್ದರೂ, ವೈಕಿಂಗರ ಭಾಷೆಯಿಂದ ಬಂದ ಆ ಹೆಸರಿನ ಅರ್ಥ 'ಬಟ್ಟಲು ಮಾಡುವವರ ಬೀದಿ' ಎಂದು. 1976ರಿಂದ 1981ರವರೆಗೆ ಅಲ್ಲಿ ನಡೆದ ಉತ್ಖನನದಲ್ಲಿ, ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಮರದ ಬಟ್ಟಲುಗಳ ಜೊತೆಗೆ ಅವುಗಳ ನಡುವಿನಿಂದ ಮುರಿದು ಎಸೆದ ಗುಬುಟುಗಳೂ ಸಿಕ್ಕವು. ಬಟ್ಟಲನ್ನು ಎರಡು ಮೊನೆಗಳ ನಡುವೆ ಹಿಡಿದು ಕಡೆಯುವಾಗ ಒಳಗೆ ಇಂಥ ಗುಬುಟು ಉಳಿದೇ ಉಳಿಯುತ್ತದೆ. ಹೀಗೆ ಕಸದ ರಾಶಿಯೇ ಬೀದಿಯ ಹೆಸರಿಗೆ ಪುರಾವೆ ಒದಗಿಸಿತು.

ಎರಡನೆಯ ಸಾಕ್ಷ್ಯ ಸಮುದ್ರದ್ದು. ದೊರೆ 8ನೆಯ ಹೆನ್ರಿಯ ಯುದ್ಧನೌಕೆ 'ಮೇರಿ ರೋಸ್' 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತು. ಅದರ ಒಡಲನ್ನು 1982ರಲ್ಲಿ ಮೇಲೆತ್ತಲಾಯಿತು. ಹಡಗಿನಲ್ಲಿ ಸಿಕ್ಕ ಕಡೆದ ಬಟ್ಟಲುಗಳಲ್ಲಿ ಬಹುಪಾಲು ಬೀಚ್ ಮರದವು. ಕೆಲವಕ್ಕೆ ನಾವಿಕರು ತಮ್ಮ ಗುರುತು ಕೊರೆದುಕೊಂಡಿದ್ದರು. ಮರದ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿಯನ್ನು ಗುರುತಿಸಬಹುದು. ಉಳಿ ಓಡಿದ ಗೆರೆಗಳಿಂದ ಕೈಯ ಚಲನೆಯನ್ನು ಊಹಿಸಬಹುದು. ಅಕ್ಷರ ಬಾರದವನ ಕೆಲಸವೂ ಹೀಗೆ ದಾಖಲೆಯಾಗುತ್ತದೆ.

ಆದರೆ ವಸ್ತು ಉಳಿದರೆ ಸಾಕೆ? ಇಲ್ಲಿ ಜಾರ್ಜ್ ಲೈಲಿಯ ಕಥೆಯನ್ನು ಕೇಳಬೇಕು. 1869ರಲ್ಲಿ ಹುಟ್ಟಿದ ಈತ ಬರ್ಕ್‌ಷೈರ್ ಪ್ರಾಂತದ ಬಕಲ್‌ಬರಿಯಲ್ಲಿ ಗಳದ ಲೇತ್ ತುಳಿದು ಎಲ್ಮ್ ಬಟ್ಟಲುಗಳನ್ನು ಕಡೆಯುತ್ತಿದ್ದ. ಕೊಕ್ಕೆಯಂತೆ ಬಾಗಿದ ಉಳಿಗಳಿಂದ ಒಂದೇ ತುಂಡಿನೊಳಗಿಂದ ಒಂದರೊಳಗೊಂದು ಕೂರುವ ಹಲವು ಬಟ್ಟಲುಗಳನ್ನು ತೆಗೆಯುತ್ತಿದ್ದ. ಲೇಖಕ ಎಚ್.ವಿ. ಮಾರ್ಟನ್ 1927ರ ತನ್ನ ಪ್ರವಾಸ ಗ್ರಂಥದಲ್ಲಿ ಈತನ ಬಗ್ಗೆ ಬರೆದುದರಿಂದ ಹೆಸರೂ ಬಂತು. ಹೆಸರು ಬಂದರೂ ಕೆಲಸ ಮುಂದುವರಿಸುವವರು ಬರಲಿಲ್ಲ. 1958ರಲ್ಲಿ ಲೈಲಿ ತೀರಿಕೊಂಡಾಗ ಇಂಗ್ಲೆಂಡಿನಲ್ಲಿ ಆ ಪರಂಪರೆಯ ಕೊಂಡಿ ಕಳಚಿತು. ಲೇತ್ ಮತ್ತು ಉಳಿಗಳು ರೆಡಿಂಗ್ ನಗರದ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯಕ್ಕೆ ಸೇರಿದವು.

1990ರ ದಶಕದಲ್ಲಿ ರಾಬಿನ್ ವುಡ್ ಎಂಬ ಕುಶಲಕರ್ಮಿ ಆ ಲೇತನ್ನೂ ಉಳಿಗಳನ್ನೂ ಅಭ್ಯಾಸ ಮಾಡಿ ಈ ವಿದ್ಯೆಯನ್ನು ತಾವೇ ಕಲಿತರು. ಇದರಲ್ಲಿರುವ ತೊಡಕನ್ನು ಯೋಚಿಸಿ. ಗಾಜಿನ ಪೆಟ್ಟಿಗೆಯಲ್ಲಿ ಉಳಿಯ ಬಾಗು ಕಾಣುತ್ತದೆ, ಅದನ್ನು ಹಿಡಿಯುವ ಕೋನ ಕಾಣುವುದಿಲ್ಲ. ಕಾಲಡಿಯ ಹಲಗೆ ಕಾಣುತ್ತದೆ, ತುಳಿಯುವ ಲಯ ಕಾಣುವುದಿಲ್ಲ. ಗುರುವಿನ ಪಕ್ಕದಲ್ಲಿ ನಿಂತು ನೋಡಿ ಕಲಿಯಬಹುದಾಗಿದ್ದುದನ್ನು ಕೆಟ್ಟ ಬಟ್ಟಲುಗಳಿಂದ ಕಲಿಯಬೇಕು. ಮರದ ವಿಷಯದಲ್ಲೂ ಕಾಲ ಬದಲಾಗಿತ್ತು. 1960ರ ದಶಕದ ಕೊನೆಯಿಂದ ಹಬ್ಬಿದ ಶಿಲೀಂಧ್ರ ರೋಗಕ್ಕೆ ಬ್ರಿಟನ್ನಿನ 2 ಕೋಟಿಗೂ ಹೆಚ್ಚು ಎಲ್ಮ್ ಮರಗಳು ಬಲಿಯಾಗಿದ್ದವು. ಲೈಲಿಯ ಉಳಿ ಉಳಿದಿತ್ತು, ಅವನ ಮರ ಉಳಿದಿರಲಿಲ್ಲ. ಹೊಸ ಕೈ ಬೇರೆ ಮರಗಳ ಮೇಲೆ ಪಳಗಬೇಕಾಯಿತು.

ಈ ಕಥೆ ನಮಗೆ ದೂರದ್ದಲ್ಲ. ಬೇಲೂರು, ಹಳೇಬೀಡುಗಳ ನುಣುಪಾದ ಕಂಬಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದ ನಮ್ಮವರ ನೈಪುಣ್ಯಕ್ಕೆ ಸಾಕ್ಷಿ. ಆದರೆ ಆ ಕಂಬಗಳನ್ನು ಕಡೆದವರ ಬಳಿ ಕೇಳಿ ತಿಳಿಯುವ ಅವಕಾಶ ಇಂದು ನಮಗಿಲ್ಲ. ಚನ್ನಪಟ್ಟಣದ ಮಾತು ಬೇರೆ. ಅಲ್ಲಿ ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಬಣ್ಣ ಹರಡುವಂತೆ ಮಾಡುವ ಕೈಗಳು ಇನ್ನೂ ಕೆಲಸ ಮಾಡುತ್ತಿವೆ. ಅವರ ಮುಂದೆ ನಿಂತು "ಈ ಮರವೇ ಏಕೆ? ಎಷ್ಟು ದಿನ ಒಣಗಿಸುತ್ತೀರಿ? ಬೇರೆ ಮರ ಬಂದರೆ ಉಳಿ ಹೇಗೆ ಹಿಡಿಯುತ್ತೀರಿ?" ಎಂದು ಕೇಳಬಹುದು. ಉತ್ತರವನ್ನು ಬರೆದಿಡಬಹುದು, ಸಾಧ್ಯವಾದರೆ ಕೈಯಾರೆ ಕಲಿಯಲೂಬಹುದು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಉಪ್ಪಿನ ಮರಿಗೆಯೋ ಕಡೆಗೋಲೋ ಇದ್ದರೆ ಇಳಿಸಿ ನೋಡಿ. ಯಾವ ಮರ, ನಾರು ಎತ್ತ ಓಡಿದೆ, ಕೆತ್ತಿದ್ದೋ ತಿರುಗಿಸಿ ಕಡೆದದ್ದೋ ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಅವರು ಹೇಳುವುದನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಇತಿಹಾಸದ ಮೊದಲ ಕೆಲಸ ಅದೇ.