ವಿಮಾನ ಅಪಘಾತ: ಮದ್ಯ, ಮಳೆ ಮತ್ತು ಪೈಲಟ್ ನಿರ್ಧಾರ

ಕಂದಲಗಾಂವ: ಸೋಲಾಪುರದ ಹೋಟಗಿ ರಸ್ತೆಯ ನಿಲ್ದಾಣದಿಂದ 2025ರ ಜೂನ್‌ನಲ್ಲಿ ಗೋವಾಕ್ಕೆ ವಿಮಾನ ಸಂಚಾರ ಆರಂಭವಾದ ಮೇಲೆ ನಮ್ಮ ಹಳ್ಳಿಗಳಿಗೂ ವಿಮಾನ ಹತ್ತಿರವಾಗಿದೆ. ಎಲ್ಲಿಯಾದರೂ ವಿಮಾನ ಬಿದ್ದರೆ ಕಟ್ಟೆಯ ಮೇಲೆ ಎರಡೇ ಪ್ರಶ್ನೆ: ಪೈಲಟ್ ಕುಡಿದಿದ್ದನೇ? ಹವಾಮಾನ ಕೆಟ್ಟಿತ್ತೇ? ತನಿಖಾ ವರದಿಗಳನ್ನು ನೋಡಿದರೆ ಮೂರನೆಯ ಪ್ರಶ್ನೆಯೂ ಮುಖ್ಯವೆನಿಸುತ್ತದೆ: ಜೊತೆಯವರ ಮಾತು ಕೇಳಿದನೇ?

ಮಂಗಳೂರು, 2010: ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ಮಳೆ ಇರಲಿಲ್ಲ. ತನಿಖಾ ವರದಿ ಮದ್ಯವನ್ನು ಕಾರಣವೆಂದು ಹೇಳಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ವಿಮಾನ ತೀರಾ ಎತ್ತರದಲ್ಲಿ ಬಂದಿತ್ತು. ‘ಗೋ ಅರೌಂಡ್’, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ, ಎಂದು ಸಹ ಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು.

ಕೋಳಿಕ್ಕೋಡ್, 2020: ಆಗಸ್ಟ್ 7ರ ರಾತ್ರಿ ಜೋರು ಮಳೆ, ಹಿಂಗಾಳಿ. ಮೊದಲ ಸಲ ಇಳಿಯದೆ ಮೇಲೇರಿದ್ದ ವಿಮಾನ ಎರಡನೆಯ ಸಲ ರನ್‌ವೇಯ ಅರ್ಧದಷ್ಟು ಕಳೆದ ಮೇಲೆ ನೆಲ ಮುಟ್ಟಿತು. ಇಲ್ಲಿಯೂ ಸಹ ಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಪೈಲಟ್‌ಗಳಿಬ್ಬರೂ ಸೇರಿ 21 ಜನ ಸತ್ತರು. ಮಳೆ ಕಷ್ಟ ತಂದಿತು ನಿಜ. ಆದರೆ ಇಳಿಯಲೇಬೇಕೆಂಬ ಹಟವೇ ಮುಖ್ಯ ಕಾರಣವೆಂದು ವರದಿಯಿಂದ ತಿಳಿಯುತ್ತದೆ.

ಮದ್ಯದ ಪ್ರಕರಣ: ಅಮೆರಿಕದ ಆಂಕರೇಜ್‌ನಲ್ಲಿ 1977ರ ಜನವರಿ 13ರಂದು ದನಗಳನ್ನು ಹೊತ್ತ ಜಪಾನ್ ಏರ್‌ಲೈನ್ಸ್ ವಿಮಾನ ಮೇಲೇರುತ್ತಲೇ ಬಿದ್ದು, ಅದರಲ್ಲಿದ್ದ 5 ಜನರೂ ಸತ್ತರು. ರೆಕ್ಕೆಗೆ ಮಂಜುಗಡ್ಡೆ ಕಟ್ಟಿತ್ತು, ಕ್ಯಾಪ್ಟನ್ ಕುಡಿದಿದ್ದರು. ಅವರನ್ನು ಕರೆತಂದ ಟ್ಯಾಕ್ಸಿ ಚಾಲಕನಿಗೇ ಅನುಮಾನ ಬಂದು ಸುದ್ದಿ ಮುಟ್ಟಿಸಿದ್ದ. ಆದರೂ ಯಾರೂ ತಡೆಯಲಿಲ್ಲ.

ನಮ್ಮಲ್ಲಿನ ನಿಯಮ: ಭಾರತದಲ್ಲಿ ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಪೈಲಟ್ ಮದ್ಯ ಮುಟ್ಟುವಂತಿಲ್ಲ. ಉಸಿರು ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕರೆ 3 ತಿಂಗಳು, ಎರಡನೆಯ ಸಲ 3 ವರ್ಷ ಲೈಸೆನ್ಸ್ ಅಮಾನತು. ಮೂರನೆಯ ಸಲ ರದ್ದು.

ಕುಡಿತವನ್ನು ಯಂತ್ರ ಹಿಡಿಯುತ್ತದೆ, ಹಟವನ್ನು ಹಿಡಿಯುವ ಯಂತ್ರವಿಲ್ಲ. ಆದ್ದರಿಂದ ಮಳೆಗಾಲದಲ್ಲಿ ವಿಮಾನ ಇಳಿಯದೆ ಮೇಲೇರಿದರೆ ಅಥವಾ ಬೇರೆ ಊರಿಗೆ ಹೋದರೆ ಪ್ರಯಾಣಿಕರು ಬೈಯಬಾರದು. ತಡವಾದರೂ ಮನೆ ಮುಟ್ಟುತ್ತೇವೆ.